575 ಪಾವಟಿಗೆ, ಅರವತ್ತರ ಕಾಲು

ಅಂಜನಾದ್ರಿ ಬೆಟ್ಟಕ್ಕೆ 575 ಪಾವಟಿಗೆ. ಒಂದೊಂದು ಪಾವಟಿಗೆಯ ಎತ್ತರ ಸುಮಾರು 15 ಸೆಂಟಿಮೀಟರ್ ಎಂದು ಹಿಡಿದರೆ, ಬುಡದಿಂದ ಗುಡಿಯವರೆಗೆ ಹತ್ತಿದವರು ತಮ್ಮ ದೇಹವನ್ನು 86 ಮೀಟರ್ ಮೇಲಕ್ಕೆ ಹೊತ್ತಂತಾಯಿತು. 60 ಕಿಲೊ ತೂಕದ ಹೆಂಗಸೊಬ್ಬಳಿಗೆ ಇದಕ್ಕೆ ಬೇಕಾಗುವ ಶಕ್ತಿ ಎಷ್ಟು? ಹೈಸ್ಕೂಲಿನ ಲೆಕ್ಕವೇ ಸಾಕು. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 50,000 ಜೂಲ್. ಆಹಾರದ ಲೆಕ್ಕದಲ್ಲಿ 12 ಕ್ಯಾಲೊರಿ. ಸ್ನಾಯು ಸುಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮಾತ್ರ ಕೆಲಸಕ್ಕೆ ಬರುತ್ತದೆ, ಮಿಕ್ಕದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ನಿಜವಾದ ಖರ್ಚು 50 ಕ್ಯಾಲೊರಿಯ ಆಸುಪಾಸು. ಸಾಧಾರಣ ಗಾತ್ರದ ಒಂದು ಜೋಳದ ರೊಟ್ಟಿಯಲ್ಲಿ 150 ಕ್ಯಾಲೊರಿಯಷ್ಟು ಇರುತ್ತದೆ. ಅಂದರೆ ಆಂಜನೇಯನ ದರ್ಶನಕ್ಕೆ ಮೂರನೇ ಒಂದು ರೊಟ್ಟಿ ಸಾಕು!

ಹಾಗಿದ್ದರೆ ಇನ್ನೂರನೇ ಪಾವಟಿಗೆಯ ಹತ್ತಿರ ಅಷ್ಟೊಂದು ಜನ ಕಂಬಿ ಹಿಡಿದು ಏದುಸಿರು ಬಿಡುತ್ತ ನಿಂತಿರುವುದೇಕೆ?

ಗಂಗಾವತಿಯಿಂದ ಆನೆಗೊಂದಿಗೆ ಬಂದು, ಭತ್ತದ ಗದ್ದೆ ಬಾಳೆತೋಟಗಳ ನಡುವಿನ ದಾರಿ ಹಿಡಿದರೆ ಅಂಜನಾದ್ರಿ, ಮುಂದೆ ಹನುಮನಹಳ್ಳಿ, ಅದರಾಚೆ ಸಾಣಾಪುರ. ಆಂಜನೇಯ ಹುಟ್ಟಿದ್ದು ಇಲ್ಲೋ ತಿರುಮಲದಲ್ಲೋ ಎಂಬ ಜಗಳ 2021ರಲ್ಲಿ ಜೋರಾಗಿಯೇ ನಡೆಯಿತು. ಮೊಣಕಾಲಿಗೆ ಆ ಜಗಳದ ಹಂಗಿಲ್ಲ. ಈ ಸೀಮೆಯಲ್ಲಿ ಐವತ್ತು ದಾಟಿದವರು ತಮ್ಮ ಆರೋಗ್ಯವನ್ನು ಅಳೆಯುವುದೇ ಈ ಬೆಟ್ಟದಿಂದ. "ಹ್ವಾದ ವರ್ಷ ಹತ್ತಿದ್ದೆ, ಈ ವರ್ಷ ಆಗವಲ್ದು" ಎಂಬ ಒಂದು ಮಾತಿನಲ್ಲಿ ರಕ್ತಪರೀಕ್ಷೆಯ ವರದಿಯಲ್ಲಿ ಸಿಗದ ಎಷ್ಟೋ ಸಂಗತಿ ಇರುತ್ತದೆ.

ಬೆಟ್ಟ ಕೇಳುವುದು ಕ್ಯಾಲೊರಿಯನ್ನಲ್ಲ, ವೇಗವನ್ನು. ಅದೇ 50 ಕ್ಯಾಲೊರಿಯನ್ನು ಇಪ್ಪತ್ತು ನಿಮಿಷದಲ್ಲಿ ಖರ್ಚು ಮಾಡಿದರೆ, ಸುಮ್ಮನೆ ಕೂತಾಗ ಬೇಕಾಗುವ ಆಮ್ಲಜನಕದ ಸುಮಾರು ನಾಲ್ಕು ಪಟ್ಟು ಬೇಕು. ಹತ್ತೇ ನಿಮಿಷದಲ್ಲಿ ಹತ್ತಿದರೆ ಆರು ಪಟ್ಟು. ವ್ಯಾಯಾಮದ ರೂಢಿಯಿಲ್ಲದ, ಅರವತ್ತು ದಾಟಿದ ಅನೇಕ ಹೆಂಗಸರ ದೇಹ ಎಷ್ಟೇ ಹೆಣಗಿದರೂ ಒದಗಿಸಬಲ್ಲದ್ದು ಆರೇಳು ಪಟ್ಟು. ಇಪ್ಪತ್ತೈದರ ಮೊಮ್ಮಗನಿಗೆ ಹತ್ತು ಪಟ್ಟಿಗೂ ಮಿಕ್ಕಿ ಸಾಧ್ಯ. ಮೊಮ್ಮಗ ಮಾತಾಡುತ್ತ, ಮೊಬೈಲ್ ನೋಡುತ್ತ ಹತ್ತುವ ವೇಗದಲ್ಲಿ ಅಜ್ಜಿ ತನ್ನ ಮಿತಿಯ ತುದಿಯಲ್ಲಿರುತ್ತಾಳೆ. ಅವಳನ್ನು "ಬೇಗ ಬಾ" ಎಂದು ಎಳೆಯುವುದು ಅನ್ಯಾಯ.

ಈ ಮಿತಿ ವಯಸ್ಸಿನೊಂದಿಗೆ ಇಳಿಯುವುದು ನಿಜ. ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಶೇ 10ರಷ್ಟು. ಹೃದಯದ ಗರಿಷ್ಠ ಬಡಿತ ಕಡಿಮೆಯಾಗುತ್ತದೆ, ರಕ್ತನಾಳಗಳು ಬಿರುಸಾಗುತ್ತವೆ. ಆದರೆ ಇದರಲ್ಲಿ ಎಷ್ಟು ಪಾಲು ವಯಸ್ಸಿನದು, ಎಷ್ಟು ಪಾಲು ಕೂತದ್ದರದು? ಈ ಪ್ರಶ್ನೆಗೆ ಸಿಕ್ಕ ಸೊಗಸಾದ ಉತ್ತರ ಅಮೆರಿಕದ ಡಲ್ಲಾಸ್ ನಗರದ್ದು. 1966ರಲ್ಲಿ ಅಲ್ಲಿನ ವೈದ್ಯರು ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಮೂರೇ ವಾರದಲ್ಲಿ ಆಮ್ಲಜನಕ ಬಳಸುವ ಅವರ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಕರೆಸಿದರು. ಈಗ ಅವರಿಗೆ ಐವತ್ತು. ತೂಕ ಏರಿತ್ತು, ಹೊಟ್ಟೆ ಬಂದಿತ್ತು. ಅಳೆದು ನೋಡಿದರೆ, ಮೂವತ್ತು ವರ್ಷದ ವಯಸ್ಸು ಮಾಡಿದ ನಷ್ಟ ಆ ಮೂರು ವಾರದ ಹಾಸಿಗೆ ಮಾಡಿದ ನಷ್ಟಕ್ಕಿಂತ ಕಡಿಮೆಯಿತ್ತು. ಅಷ್ಟಕ್ಕೇ ನಿಲ್ಲದೆ ಅವರಿಗೆ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ ತುಳಿತ ಕೊಟ್ಟರು. ಸಾಮರ್ಥ್ಯ ಇಪ್ಪತ್ತನೇ ವಯಸ್ಸಿನ ಮಟ್ಟಕ್ಕೆ ಮರಳಿತು.

ಐದೇ ಜನ, ಐವರೂ ಗಂಡಸರು, ಅದೂ ಅಮೆರಿಕದವರು. ಹಾಗಾಗಿ ಇದನ್ನೇ ವೇದವಾಕ್ಯ ಎನ್ನಲಾಗದು. ಆದರೆ ನಂತರದ ದೊಡ್ಡ ಅಧ್ಯಯನಗಳೂ ಅದೇ ದಿಕ್ಕಿನಲ್ಲಿವೆ. 2018ರಲ್ಲಿ ಡಲ್ಲಾಸ್‌ನಿಂದಲೇ ಬಂದ ಇನ್ನೊಂದು ಪ್ರಯೋಗದಲ್ಲಿ, 45ರಿಂದ 64ರ ನಡುವಿನ ವ್ಯಾಯಾಮವಿಲ್ಲದ ಜನ ಎರಡು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿದಾಗ ಅವರ ಸಾಮರ್ಥ್ಯ ಶೇ 18ರಷ್ಟು ಏರಿತು; ಬಿರುಸಾಗತೊಡಗಿದ್ದ ಹೃದಯದ ಗೋಡೆ ಮತ್ತೆ ಮೆತ್ತಗಾಯಿತು.

ಇನ್ನು ಕಾಲಿನ ವಿಷಯ. ಪಾವಟಿಗೆ ಹತ್ತುವ ಹಿರಿಯರನ್ನು ಹತ್ತಿರದಿಂದ ಗಮನಿಸಿ. ಮುಂದಿನ ಪಾವಟಿಗೆಗೆ ಬಲಗಾಲಿಟ್ಟು, ಬಲಗೈಯನ್ನು ಅದೇ ತೊಡೆಯ ಮೇಲೆ, ಮೊಣಕಾಲಿನ ತುಸು ಮೇಲೆ ಊರುತ್ತಾರೆ. ಬೆನ್ನು ಮುಂದಕ್ಕೆ ಬಾಗುತ್ತದೆ. ಕೈಯಿಂದ ತೊಡೆಯನ್ನು ಕೆಳಕ್ಕೆ ಒತ್ತಿ, ಆ ಒತ್ತಿನಲ್ಲಿ ಮೇಲೇಳುತ್ತಾರೆ. ಎಡಗಾಲನ್ನು ಅದೇ ಪಾವಟಿಗೆಗೆ ತಂದು ಜೋಡಿಸಿ ಒಂದು ಕ್ಷಣ ನಿಲ್ಲುತ್ತಾರೆ. ಮತ್ತೆ ಬಲಗಾಲು. ಇದು ದಮ್ಮಿನ ತೊಂದರೆಯಲ್ಲ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಒಂಟಿಯಾಗಿ ದೇಹವನ್ನು ಎತ್ತಲಾರದೆ ತೋಳಿನ ನೆರವು ಕೇಳುತ್ತಿದೆ. ಮನೆಯಲ್ಲೂ ಇದೇ ಕಾಣುತ್ತದೆ: ನೆಲದಿಂದ ಏಳುವಾಗ ಗೋಡೆಗೆ ಕೈ, ಕುರ್ಚಿಯಿಂದ ಏಳುವಾಗ ಅದರ ತೋಳಿಗೆ ಕೈ, ಬಸ್ಸು ಹತ್ತುವಾಗ ಕಂಡಕ್ಟರನ ಕೈ.

ಐವತ್ತರ ನಂತರ ಸ್ನಾಯುವಿನ ಗಾತ್ರ ವರ್ಷಕ್ಕೆ ಶೇ 1ರ ಆಸುಪಾಸಿನಲ್ಲಿ ಕರಗುತ್ತದೆ. ಬಲ ಅದಕ್ಕಿಂತ ಬೇಗ ಹೋಗುತ್ತದೆ. ಥಟ್ಟನೆ ಬಲ ಹಾಕುವ ಗುಣ, ಎಡವಿದಾಗ ಬೀಳದಂತೆ ಇನ್ನೊಂದು ಕಾಲನ್ನು ಮುಂದಿಡುವ ಆ ಚುರುಕು, ಎಲ್ಲಕ್ಕಿಂತ ಬೇಗ. ಏಕೆಂದರೆ ಮೊದಲು ನಶಿಸುವುದು ವೇಗದ ಕೆಲಸದ ಎಳೆಗಳು. ಬೆನ್ನುಹುರಿಯಿಂದ ಹೊರಡುವ ಒಂದೊಂದು ನರವೂ ನೂರಾರು ಸ್ನಾಯು ಎಳೆಗಳನ್ನು ಸಾಕುತ್ತಿರುತ್ತದೆ. ವಯಸ್ಸಾದಂತೆ ಕೆಲವು ನರಕೋಶಗಳು ಸಾಯುತ್ತವೆ, ಅವು ಸಾಕುತ್ತಿದ್ದ ಎಳೆಗಳು ದಿಕ್ಕಿಲ್ಲದಂತಾಗುತ್ತವೆ. ಆಗ ತಾಯಿ ಸತ್ತ ಕೂಸನ್ನು ಪಕ್ಕದ ಮನೆಯವರು ಎತ್ತಿಕೊಂಡು ಸಾಕುವ ಹಾಗೆ, ನೆರೆಯ ನರವೊಂದು ಹೊಸ ಕವಲು ಚಾಚಿ ಆ ಎಳೆಗಳನ್ನು ತನ್ನದಾಗಿಸಿಕೊಳ್ಳುತ್ತದೆ. ಯಾರೂ ಎತ್ತಿಕೊಳ್ಳದ ಎಳೆಗಳು ಒಣಗಿ ಹೋಗುತ್ತವೆ, ಆ ಜಾಗದಲ್ಲಿ ಕೊಬ್ಬು ತುಂಬುತ್ತದೆ.

ಹೋದದ್ದು ಹೋಯಿತು ಎಂದೇ ವೈದ್ಯಲೋಕವೂ ಬಹುಕಾಲ ನಂಬಿತ್ತು. 1990ರಲ್ಲಿ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮಾಡಿದ ಪ್ರಯೋಗ ಆ ನಂಬಿಕೆಯನ್ನು ಅಲುಗಿಸಿತು. ಆಕೆ ಆರಿಸಿಕೊಂಡದ್ದು ಅರವತ್ತರವರನ್ನಲ್ಲ, 86ರಿಂದ 96 ವರ್ಷದ ಹತ್ತು ಮಂದಿಯನ್ನು. ಎಂಟು ವಾರ, ವಾರಕ್ಕೆ ಮೂರು ಸಲ, ಕಾಲಿಗೆ ಭಾರ ಕೊಟ್ಟು ಎತ್ತಿಸುವುದು. ಕೈಬೆರಳಾಡಿಸುವ ನಾಜೂಕಿನ ವ್ಯಾಯಾಮವಲ್ಲ. ಅವರು ಎತ್ತಬಲ್ಲ ಗರಿಷ್ಠ ಭಾರದ ಮುಕ್ಕಾಲು ಭಾಗಕ್ಕೂ ಮಿಕ್ಕಿದ ಭಾರ. ಕೊನೆಯವರೆಗೂ ನಿಂತ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ಇಬ್ಬರು ಕೋಲು ಬಿಟ್ಟು ನಡೆದರು. ತೊಡೆಯ ಸ್ನಾಯುವಿನ ಗಾತ್ರ ಹೆಚ್ಚಿದ್ದು ಶೇ 9ರಷ್ಟು ಮಾತ್ರ. ಗಾತ್ರ ಒಂಬತ್ತು, ಬಲ ನೂರ ಎಪ್ಪತ್ತನಾಲ್ಕು: ಇದು ಹೇಗೆ? ಉತ್ತರ ಬಹುಮಟ್ಟಿಗೆ ನರಗಳಲ್ಲಿದೆ. ವರ್ಷಗಟ್ಟಲೆ ಕರೆಯೇ ಬಾರದೆ ಸುಮ್ಮನಿದ್ದ ಎಳೆಗಳನ್ನು ಮೆದುಳು ಮತ್ತೆ ಕೆಲಸಕ್ಕೆ ಕರೆಯಲು ಕಲಿಯುತ್ತದೆ, ಒಟ್ಟಿಗೆ ಎಳೆಯಲು ಕಲಿಸುತ್ತದೆ. ಹೊಸದಾಗಿ ವ್ಯಾಯಾಮ ಶುರುಮಾಡಿದವರಿಗೆ ಮೂರನೇ ವಾರಕ್ಕೇ "ಕಾಲು ಹಗುರಾದವು" ಅನ್ನಿಸುವುದು ಇದರಿಂದಲೇ. ಸ್ನಾಯು ಇನ್ನೂ ಬೆಳೆದಿರುವುದಿಲ್ಲ.

ಅದೇ ಪ್ರಯೋಗದ ಇನ್ನೊಂದು ಸಾಲನ್ನು ಜನ ಅಷ್ಟಾಗಿ ಹೇಳುವುದಿಲ್ಲ. ವ್ಯಾಯಾಮ ನಿಲ್ಲಿಸಿ ನಾಲ್ಕು ವಾರವಾದ ಮೇಲೆ ಅಳೆದಾಗ ಬಲದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇಳಿದುಹೋಗಿತ್ತು. ದೇಹ ಬೇಗ ಕೊಡುತ್ತದೆ, ಬೇಗ ಕಸಿದುಕೊಳ್ಳುತ್ತದೆ. ಹಾಗಾಗಿ ತಡವಾಗಿ ಶುರುಮಾಡುವವರ ಮುಂದಿರುವ ದೊಡ್ಡ ಪ್ರಶ್ನೆ ಯಾವ ವ್ಯಾಯಾಮ ಎನ್ನುವುದಲ್ಲ. ಬಿಡದೆ ಮಾಡುವುದು ಹೇಗೆ ಎನ್ನುವುದು.

"ಹೊಲದಾಗ ದುಡಿದದ್ದು ಸಾಲಲ್ಲೇನ್ರೀ?" ಎಂದು ಹನುಮನಹಳ್ಳಿಯಂಥ ಊರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಡು ಬಗ್ಗಿಸಿ ದಿನವಿಡೀ ಭತ್ತದ ನಾಟಿ ಹಚ್ಚಿದ ಹೆಂಗಸಿಗೆ ವ್ಯಾಯಾಮದ ಪಾಠ ಹೇಳುವುದು ಉದ್ಧಟತನ. ಆದರೆ ಎರಡು ಸಂಗತಿ. ಒಂದು, ಆ ದುಡಿಮೆಯೇ ಈಗ ಕಡಿಮೆಯಾಗಿದೆ. ಕೊಯ್ಲಿಗೆ ಯಂತ್ರ, ಬೀಸಲಿಕ್ಕೆ ಗಿರಣಿ, ನೀರಿಗೆ ನಲ್ಲಿ, ಹೊಲಕ್ಕೆ ಹೋಗಲು ಬೈಕು. ದೇಶದ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ಮೈ ದಂಡಿಸುತ್ತಿಲ್ಲ, ಹೆಂಗಸರಲ್ಲಿ ಈ ಪ್ರಮಾಣ ಶೇ 57 ಎಂದು 2022ರ ಸ್ಥಿತಿಯನ್ನು ಲೆಕ್ಕಹಾಕಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2024ರಲ್ಲಿ ಹೇಳಿದರು. ಎರಡು, ದುಡಿಮೆ ದೇಹವನ್ನು ಬಳಸುತ್ತದೆಯೇ ಹೊರತು ಸಮನಾಗಿ ಬೆಳೆಸುವುದಿಲ್ಲ. ನಾಟಿಯಲ್ಲಿ ನಡು ಸವೆಯುತ್ತದೆ. ಒಂಟಿಕಾಲಿನ ಸಮತೋಲ ಅದರಿಂದ ಬರುವುದಿಲ್ಲ. ಐವತ್ತೈದಕ್ಕೆ ಮಗ "ಇನ್ನ ಸಾಕು, ಮನ್ಯಾಗ ಕುಂದರು" ಎಂದು ಪ್ರೀತಿಯಿಂದ ಹೇಳಿ ಕಟ್ಟೆಯ ಮೇಲೆ ಕೂರಿಸಿದ ದಿನದಿಂದ ಡಲ್ಲಾಸಿನ ಹಾಸಿಗೆಯ ಲೆಕ್ಕ ಶುರುವಾಗುತ್ತದೆ.

ಈಗ ಗುಂಪಿನ ಮಾತು. ಹನುಮಪ್ಪನ ಸೀಮೆಯಲ್ಲಿ ಗುಂಪಿನ ವ್ಯಾಯಾಮ ಹೊಸದೇನಲ್ಲ. ಉತ್ತರ ಕರ್ನಾಟಕದ ಗರಡಿಮನೆಗಳಿಗೆಲ್ಲ ಅವನೇ ದೇವರು. ಅಲ್ಲಿ ದಂಡ, ಬೈಠಕ್ ಹೊಡೆಯುವುದು ಎಣಿಕೆಗೆ. ಒಬ್ಬ ಎಣಿಸುತ್ತಿದ್ದರೆ ಹತ್ತು ಜನ ಒಟ್ಟಿಗೆ. ಕೋಲಾಟ, ಹೆಜ್ಜೆಮೇಳಗಳಲ್ಲೂ ಹಾಗೆಯೇ, ತಾಳ ಎಲ್ಲರನ್ನೂ ಎಳೆದುಕೊಂಡು ಹೋಗುತ್ತದೆ. ಕಳೆದ ಶತಮಾನದಲ್ಲಿ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ, ತಿರುಕ ಎಂದು ಹೆಸರಾದವರು, ಊರೂರಿಗೆ ಹೋಗಿ ಯೋಗ, ವ್ಯಾಯಾಮದ ಶಿಬಿರ ನಡೆಸಿದರು. ಅವರು ಕಲಿಸಿದ್ದು ಏಕಾಂತದಲ್ಲಿ ಒಬ್ಬೊಬ್ಬರಿಗಲ್ಲ, ಬಯಲಲ್ಲಿ ಸಾಲಾಗಿ ನಿಂತವರಿಗೆ. ನೂರರ ಗಡಿ ದಾಟಿ 1996ರಲ್ಲಿ ತೀರಿಕೊಂಡರು. ಇವತ್ತು ರಾಜ್ಯದ ಎಷ್ಟೋ ಪಟ್ಟಣಗಳಲ್ಲಿ ಬೆಳಗಿನ ಐದೂವರೆಗೆ ಶಾಲೆಯ ಅಂಗಳದಲ್ಲೋ ಕಲ್ಯಾಣಮಂಟಪದಲ್ಲೋ ಚಾಪೆ ಹಾಸಿಕೊಂಡು ಕೂರುವ ನಿವೃತ್ತ ಮೇಷ್ಟ್ರು, ಅಂಗಡಿ ಸಾಹುಕಾರರು, ಗೃಹಿಣಿಯರು ಆ ಪರಂಪರೆಯವರೇ. ಒಂದು ಕೊರತೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ: ನಮ್ಮ ಗರಡಿ ಹೆಂಗಸರನ್ನು ಒಳಗೆ ಬಿಡಲಿಲ್ಲ, ಮುದುಕರನ್ನು ಬಿಟ್ಟರೂ ಕಟ್ಟೆಯ ಮೇಲೆ ಕೂತು ನೋಡಲಿಕ್ಕೆ ಮಾತ್ರ.

ಗುಂಪು ಏನು ಮಾಡುತ್ತದೆ? 1920ರ ದಶಕದಲ್ಲಿ ಓಟ್ಟೊ ಕೋಹ್ಲರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಬರ್ಲಿನ್ನಿನ ದೋಣಿ ಹುಟ್ಟುಹಾಕುವ ಸಂಘದ ಸದಸ್ಯರ ಕೈಗೆ ಭಾರದ ಸಲಾಕೆ ಕೊಟ್ಟು, ಸೋಲುವವರೆಗೆ ಎತ್ತಿ ಇಳಿಸಲು ಹೇಳಿದ. ಮೊದಲು ಒಬ್ಬೊಬ್ಬರಾಗಿ. ಆಮೇಲೆ ಇಬ್ಬರಿಗೋ ಮೂವರಿಗೋ ಸೇರಿ ಒಂದು ದೊಡ್ಡ ಸಲಾಕೆ. ಒಬ್ಬ ಕೈಬಿಟ್ಟರೆ ಎಲ್ಲರೂ ನಿಲ್ಲಿಸಬೇಕು. ಜೊತೆಯಲ್ಲಿ ಎತ್ತಿದಾಗ ದುರ್ಬಲನಾದವನು ಒಂಟಿಯಾಗಿ ಎತ್ತಿದ್ದಕ್ಕಿಂತ ಹೆಚ್ಚು ಹೊತ್ತು ಎತ್ತಿದ. ತನ್ನಿಂದ ಇನ್ನೊಬ್ಬರ ಕೆಲಸ ಕೆಡಬಾರದು ಎಂಬ ಹಟ. ಇಲ್ಲಿ ಒಂದು ಸೂಕ್ಷ್ಮವಿದೆ. ಇಬ್ಬರ ಬಲದಲ್ಲಿ ಅಂತರ ತೀರಾ ಕಡಿಮೆಯೂ ಅಲ್ಲದೆ ತೀರಾ ಹೆಚ್ಚೂ ಅಲ್ಲದೆ ಮಧ್ಯಮವಾಗಿದ್ದಾಗ ಈ ಹಟ ಜೋರಾಗಿರುತ್ತದೆ. ಅಂತರ ಬಹಳವಾದರೆ ದುರ್ಬಲನು ಕೈಚೆಲ್ಲುತ್ತಾನೆ. ಅರವತ್ತರ ಹೆಂಗಸನ್ನು ಇಪ್ಪತ್ತರ ಹುಡುಗಿಯರ ಏರೋಬಿಕ್ಸ್ ತರಗತಿಗೆ ತಳ್ಳಿದರೆ ಎರಡನೇ ವಾರಕ್ಕೆ ಅವಳು ಬರದಿರುವುದು ಸೋಮಾರಿತನದಿಂದಲ್ಲ.

ಕೆನಡಾದಲ್ಲಿ 627 ಹಿರಿಯರ ಮೇಲೆ ಇದನ್ನೇ ನೇರವಾಗಿ ಪರೀಕ್ಷಿಸಿದರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕೆಲವರಿಗೆ ಎಲ್ಲ ವಯಸ್ಸಿನವರೂ ಬರುವ ಮಾಮೂಲಿ ತರಗತಿ, ಕೆಲವರಿಗೆ ತಮ್ಮದೇ ವಯಸ್ಸಿನವರ ತರಗತಿ. 24 ವಾರಗಳ ಉದ್ದಕ್ಕೂ ಓರಗೆಯವರ ತರಗತಿಗೆ ಹಾಕಿದವರೇ ಹೆಚ್ಚು ಸಲ ಬಂದರು. ಹೆಂಗಸರು ಬೇರೆ, ಗಂಡಸರು ಬೇರೆ ಇದ್ದರೂ ಸರಿ, ಕೂಡಿ ಇದ್ದರೂ ಸರಿ. ವಯಸ್ಸು ಹೊಂದಬೇಕು, ಅಷ್ಟೇ.

ತಾಳಕ್ಕೆ ತಕ್ಕ ಹಾಗೆ ಒಟ್ಟಿಗೆ ಮೈ ಕುಣಿಸಿದರೆ ನೋವು ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತದೆ ಎಂದು 2010ರ ಆಕ್ಸ್‌ಫರ್ಡ್ ಪ್ರಯೋಗವೊಂದು ಹೇಳಿತು. ಅಲ್ಲಿಯೂ ದೋಣಿ ಹುಟ್ಟುಹಾಕುವವರೇ. ಅಷ್ಟೇ ಶ್ರಮವನ್ನು ಒಂಟಿಯಾಗಿ ಮಾಡಿದ್ದಕ್ಕಿಂತ ಜೊತೆಯಾಗಿ ಮಾಡಿದಾಗ ನೋವು ಕಾಣಿಸಿಕೊಂಡದ್ದು ತಡವಾಗಿ. ದೇಹವೇ ತಯಾರಿಸುವ ನೋವುನಿವಾರಕ ಎಂಡಾರ್ಫಿನ್ ಇದಕ್ಕೆ ಕಾರಣವಿರಬಹುದು. ಹನ್ನೆರಡೇ ಜನರ ಪ್ರಯೋಗವಾದ್ದರಿಂದ ನಾನಿದನ್ನು ಅಡಿಗೆರೆ ಹಾಕಿ ಹೇಳಲಾರೆ. ನನಗೆ ಕಂಡಂತೆ ಗುಂಪಿನ ಅತಿದೊಡ್ಡ ಗುಣ ಎಂಡಾರ್ಫಿನ್ ಅಲ್ಲ, ಮರುದಿನ ಬೆಳಿಗ್ಗೆ ಕೇಳುವ "ನಿನ್ನೆ ಯಾಕ ಬರಲಿಲ್ಲಬೇ?" ಎಂಬ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಫಜೀತಿಗಿಂತ ಎದ್ದು ಹೋಗುವುದೇ ಲೇಸು.

ನಾಚಿಕೆಯ ಮಾತೂ ಇದೆ. "ಸೊಸಿ ಮುಂದ ಕೈಕಾಲು ಎತ್ತಾಕ ನಾಚಿಕಿ ಬರತೈತಿ" ಎನ್ನುವವರಿಗೆ ಉಪದೇಶ ಬೇಕಿಲ್ಲ, ಒಂದು ಬಾಗಿಲು ಹಾಕಿದ ಕೋಣೆ ಮತ್ತು ಅದೇ ನಾಚಿಕೆಯ ಇನ್ನೂ ಒಂಬತ್ತು ಜನ ಬೇಕು. ಸೀರೆ ಉಟ್ಟೇ ಮಾಡಬಹುದಾದದ್ದನ್ನು ಮೊದಲು ಕಲಿಸಬೇಕು. ಟ್ರ್ಯಾಕ್‌ಪ್ಯಾಂಟು, ಬೂಟು ಇಲ್ಲದೆ ವ್ಯಾಯಾಮವಿಲ್ಲ ಎಂದವರು ಅಂಗಡಿಯವರು.

ಅಂಥ ತರಗತಿಯಲ್ಲಿ ಏನಿರಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಎರಡು ದಿನ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲದ ಅಭ್ಯಾಸ. ನಮ್ಮಲ್ಲಿ ಹಿರಿಯರಿಗೆ ಸಾಮಾನ್ಯವಾಗಿ ಸಿಗುವ ಸಲಹೆ "ವಾಕಿಂಗ್ ಮಾಡ್ರಿ" ಎಂಬುದೊಂದೇ. ನಡಿಗೆ ಹೃದಯಕ್ಕೆ ಒಳ್ಳೆಯದು. ಆದರೆ ಅದರಿಂದ ತೊಡೆಯ ಬಲ ಹೆಚ್ಚೇನೂ ಬರುವುದಿಲ್ಲ, ಬೀಳುವುದೂ ತಪ್ಪುವುದಿಲ್ಲ. ಬೀಳುವುದನ್ನು ಕಡಿಮೆ ಮಾಡುವುದು ಸಮತೋಲ ಮತ್ತು ಎದ್ದು-ಕೂರುವಂಥ ಚಲನೆಗಳ ವ್ಯಾಯಾಮ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ವಿಮರ್ಶೆಯ ಪ್ರಕಾರ ವ್ಯಾಯಾಮದಿಂದ ಬೀಳುವಿಕೆ ಶೇ 23ರಷ್ಟು ಇಳಿಯುತ್ತದೆ.

ಒಂದನ್ನು ಈಗಲೇ ಮಾಡಿ ನೋಡಬಹುದು. ತೋಳಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಅರ್ಧ ನಿಮಿಷದಲ್ಲಿ ಪೂರ್ತಿ ಎದ್ದು ಪೂರ್ತಿ ಕೂರುವುದು ಎಷ್ಟು ಸಲ ಆಗುತ್ತದೆ ಎಣಿಸಿ. ಅರವತ್ತರ ಆರಂಭದಲ್ಲಿರುವ ಹೆಂಗಸರಿಗೆ ಹನ್ನೆರಡರಿಂದ ಹದಿನೇಳು ಸಾಧಾರಣ. ಎಂಟನ್ನೂ ಮುಟ್ಟದಿದ್ದರೆ ಕಾಲು ಸಹಾಯ ಕೇಳುತ್ತಿದೆ ಎಂದರ್ಥ. ಸೊಗಸೆಂದರೆ ಪರೀಕ್ಷೆಯೂ ಇದೇ, ಔಷಧವೂ ಇದೇ. ಹತ್ತು ಸಲ ಎದ್ದು ಕೂತು, ಸುಧಾರಿಸಿಕೊಂಡು, ಮತ್ತೆ ಹತ್ತು. ಹಗುರವಾದಾಗ ಕೈಯಲ್ಲಿ ಲೀಟರ್ ನೀರಿನ ಬಾಟಲಿ. ಇದರ ಜೊತೆಗೆ ಗೋಡೆಗೆ ಅಂಗೈ ಊರಿ ಮುಂದೆ ಬಾಗಿ ಹಿಂದಕ್ಕೆ ತಳ್ಳುವುದು, ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು, ಗೋಡೆಯ ಪಕ್ಕದಲ್ಲೇ ಹತ್ತು ಸೆಕೆಂಡು ಒಂಟಿಕಾಲು. ಬ್ರೆಜಿಲ್‌ನಲ್ಲಿ 51ರಿಂದ 75 ವಯಸ್ಸಿನ 1,702 ಜನರನ್ನು ಹೀಗೆ ನಿಲ್ಲಿಸಿ ವರ್ಷಗಳ ಕಾಲ ಗಮನಿಸಿದರು. ಹತ್ತು ಸೆಕೆಂಡು ನಿಲ್ಲಲಾಗದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಅಪಾಯ ಗಣನೀಯವಾಗಿ ಹೆಚ್ಚಿತ್ತು. ಒಂಟಿಕಾಲಲ್ಲಿ ನಿಂತರೆ ಆಯುಷ್ಯ ಬೆಳೆಯುತ್ತದೆ ಎಂದಲ್ಲ. ನರ, ಸ್ನಾಯು, ಕಿವಿ, ಕಣ್ಣು ಎಲ್ಲವೂ ಕೂಡಿ ಕೆಲಸ ಮಾಡುತ್ತಿವೆಯೇ ಎಂಬುದು ಆ ಹತ್ತು ಸೆಕೆಂಡಿನಲ್ಲಿ ಬಯಲಾಗುತ್ತದೆ.

ಎಷ್ಟು ಜೋರು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತೇ ಹೊರಡದಿದ್ದರೆ ಹೆಚ್ಚಾಯಿತು, ಪದ ಹಾಡುವಷ್ಟು ಆರಾಮವಿದ್ದರೆ ಸಾಲದು.

"ಮೊಣಕಾಲು ಸವದಾವು, ವ್ಯಾಯಾಮ ಮಾಡಿದ್ರ ಇನ್ನಷ್ಟು ಸವೀತಾವು" ಎಂಬ ಭಯ ಬಹಳ ಜನರದು. ಕೀಲಿನ ಮೆತ್ತೆಯಂಥ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಅದರ ಮೇಲೆ ಭಾರ ಬಿದ್ದು ಬಿಟ್ಟಾಗಲೇ ಕೀಲಿನ ದ್ರವ ಒಳಹೊರಗೆ ಹರಿದು ಪೋಷಣೆ ಮುಟ್ಟಿಸುತ್ತದೆ. ಕದಲದ ಕೀಲಿಗೆ ಊಟವಿಲ್ಲ. ಡೆನ್ಮಾರ್ಕಿನಲ್ಲಿ 2013ರಿಂದ ಮೊಣಕಾಲು, ಸೊಂಟದ ಸಂಧಿವಾತವಿರುವವರನ್ನೇ ಗುಂಪು ಮಾಡಿ, ಎರಡು ಮೂರು ಪಾಠ ಹೇಳಿ, ಆರು ವಾರದಲ್ಲಿ ಹನ್ನೆರಡು ಸಲ ವ್ಯಾಯಾಮ ಮಾಡಿಸುತ್ತಾರೆ. ಆ ಕ್ರಮ ಈಗ ಹಲವು ದೇಶಗಳಿಗೆ ಹಬ್ಬಿದೆ. ವ್ಯಾಯಾಮದ ಹೊತ್ತಿನಲ್ಲಿ ತುಸು ನೋವು ಸಹಜ. ಮರುದಿನಕ್ಕೆ ಅದು ಮೊದಲಿನ ಮಟ್ಟಕ್ಕೆ ಇಳಿದರೆ ಹೆದರಬೇಕಿಲ್ಲ. ಊದಿಕೊಂಡರೆ ಮಾತ್ರ ಪ್ರಮಾಣ ತಗ್ಗಿಸಬೇಕು.

ಅಂಜನಾದ್ರಿಯಿಂದ ಇಳಿದ ಮರುದಿನ ತೊಡೆ ಹಿಡಿದುಕೊಳ್ಳುವುದಕ್ಕೂ ಹತ್ತಿದ್ದಕ್ಕೂ ಸಂಬಂಧ ಕಡಿಮೆ. ಅದು ಇಳಿದದ್ದರ ಫಲ. ಇಳಿಯುವಾಗ ತೊಡೆಯ ಸ್ನಾಯು ಬಿಗಿಯಾಗಿದ್ದೇ ಉದ್ದವಾಗುತ್ತ ದೇಹವನ್ನು ತಡೆದು ಹಿಡಿಯುತ್ತದೆ. ಈ ಬಗೆಯ ಎಳೆತಕ್ಕೆ ಎಳೆಗಳು ಸೂಕ್ಷ್ಮವಾಗಿ ಹರಿದು, ಮತ್ತೆ ಗಟ್ಟಿಯಾಗಿ ಕೂಡುತ್ತವೆ. ತೈವಾನಿನಲ್ಲಿ ಮಾಡಿದ, 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ಥೂಲಕಾಯದ 30 ವೃದ್ಧೆಯರಲ್ಲಿ ಅರ್ಧ ಜನ ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿದರು, ಇನ್ನರ್ಧ ಜನ ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲು ಇಳಿದರು. ವಾರಕ್ಕೆರಡು ಸಲ, ಹನ್ನೆರಡು ವಾರ. ಕಾಲಿನ ಬಲ ಹೆಚ್ಚು ಏರಿದ್ದು ಇಳಿದವರಿಗೆ! ದಮ್ಮು ಹತ್ತುವವರಿಗೆ ಇದು ಒಳ್ಳೆಯ ಸುದ್ದಿ, ಏಕೆಂದರೆ ಇಳಿಯುವುದಕ್ಕೆ ಹೃದಯ ಅಷ್ಟು ದುಡಿಯಬೇಕಿಲ್ಲ. ಕಂಬಿ ಹಿಡಿದೇ ಇಳಿಯಬೇಕು, ನಿಧಾನವಾಗಿ.

ಅಪಾಯದ ಮಾತು ಹೇಳದೆ ಈ ಅಧ್ಯಾಯ ಮುಗಿಸುವಂತಿಲ್ಲ. ಮಾರ್ಗಶಿರದಲ್ಲಿ ಹನುಮ ಮಾಲೆ ಧರಿಸಿದವರು ಸಾವಿರಾರು ಮಂದಿ ಬಂದು ಬೆಟ್ಟ ಹತ್ತುತ್ತಾರೆ. ಅವರಲ್ಲಿ ವರ್ಷವಿಡೀ ಒಂದು ಮಹಡಿಯನ್ನೂ ಹತ್ತದವರು ಇರುತ್ತಾರೆ. 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೃದಯಾಘಾತವಾದವರನ್ನು ವಿಚಾರಿಸಿ ಲೆಕ್ಕ ಹಾಕಿತು. ವಾರಕ್ಕೆ ಒಮ್ಮೆಯೂ ವ್ಯಾಯಾಮ ಮಾಡದವರು ಒಮ್ಮೆಲೇ ಮೈಮುರಿಯೆ ಶ್ರಮಪಟ್ಟರೆ ಆ ಒಂದು ತಾಸಿನಲ್ಲಿ ಹೃದಯಾಘಾತದ ಅಪಾಯ ಸುಮ್ಮನಿದ್ದಾಗಿನ 107 ಪಟ್ಟು. ವಾರಕ್ಕೆ ಐದು ಸಲ ಅಥವಾ ಅದಕ್ಕೂ ಹೆಚ್ಚು ವ್ಯಾಯಾಮ ಮಾಡುವವರಿಗೆ ಅದೇ ಶ್ರಮದಲ್ಲಿ ಎರಡೂವರೆ ಪಟ್ಟಿಗಿಂತ ಕಡಿಮೆ. ಸುಮ್ಮನಿದ್ದಾಗಿನ ಅಪಾಯವೇ ಬಹಳ ಸಣ್ಣದಾದ್ದರಿಂದ 107 ಎಂಬುದನ್ನು ನೋಡಿ ಯಾರೂ ಬೆಟ್ಟದ ಆಸೆ ಬಿಡಬೇಕಿಲ್ಲ. ಬಿಡಬೇಕಾದದ್ದು ವರ್ಷಕ್ಕೊಂದು ದಿನದ ಸಾಹಸವನ್ನು. ಎದೆ ಹಿಡಿದಂತಾಗುವುದು, ಎಡತೋಳು ಅಥವಾ ದವಡೆಗೆ ನೋವು ಹರಿಯುವುದು, ತಲೆ ತಿರುಗುವುದು ಕಂಡರೆ ಅಲ್ಲೇ ನಿಲ್ಲಬೇಕು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಿಪಿ, ಹೃದ್ರೋಗ ಇದ್ದವರು ಶುರುಮಾಡುವ ಮೊದಲು ವೈದ್ಯರನ್ನು ಕೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಬಾರದು, ಜೇಬಿನಲ್ಲಿ ಬೆಲ್ಲದ ತುಂಡು ಇರಲಿ. ಕೊಪ್ಪಳದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಬೆಳಿಗ್ಗೆ ಏಳು ಗಂಟೆಯ ನಂತರ ಬಂಡೆಗಳ ನಡುವೆ ಯಾವ ಶ್ರಮವೂ ಬೇಡ.

ಇಷ್ಟಕ್ಕೆಲ್ಲ ಜಿಮ್ ಕಟ್ಟಬೇಕಾಗಿಲ್ಲ. ಹನುಮನಹಳ್ಳಿಯಂಥ ಊರುಗಳಲ್ಲಿ ಗುಂಪು ಹೊಸದಾಗಿ ಕಟ್ಟುವ ಕೆಲಸವೂ ಇಲ್ಲ. 2000ದ ಸುಮಾರಿಗೆ ಶುರುವಾದ ಸ್ತ್ರೀಶಕ್ತಿ ಸಂಘಗಳು ನಮ್ಮ ಹಳ್ಳಿಗಳಲ್ಲಿವೆ, ಭಜನಾ ಮಂಡಳಿಗಳಿವೆ. ಹತ್ತಿಪ್ಪತ್ತು ಜನ, ಒಂದೇ ಓಣಿಯವರು, ಬಹುಪಾಲು ಓರಗೆಯವರು. ವಾರಕ್ಕೊಮ್ಮೆ ಉಳಿತಾಯದ ಲೆಕ್ಕಕ್ಕೆ ಹೇಗೂ ಸೇರುತ್ತಾರೆ. ಕೆನಡಾದವರು ಸಂಶೋಧನೆ ಮಾಡಿ ರಚಿಸಿದ ಗುಂಪು ನಮ್ಮಲ್ಲಿ ಪಾಸ್‌ಬುಕ್ ಹಿಡಿದು ಕೂತಿದೆ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಯೋಗ ಕಲಿಸುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯನ್ನು ಒಂದು ದಿನ ಸಭೆಗೆ ಕರೆಸಿ, ಎಲ್ಲರ ಬಿಪಿ, ಸಕ್ಕರೆ ನೋಡಿಸಿ, ಎದ್ದು-ಕೂರುವುದನ್ನೂ ಒಂಟಿಕಾಲಲ್ಲಿ ನಿಲ್ಲುವುದನ್ನೂ ಕಲಿತುಕೊಳ್ಳಬಹುದು. ಸಂಘದ ಅಧ್ಯಕ್ಷೆಯರಲ್ಲಿ ನನ್ನ ಕೇಳಿಕೆ ಇಷ್ಟೇ: ಮುಂದಿನ ವಾರ ಲೆಕ್ಕದ ಪುಸ್ತಕ ತೆರೆಯುವ ಮೊದಲು ಇಪ್ಪತ್ತು ನಿಮಿಷ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ. ಮರುವಾರ ಇನ್ನೂ ಒಂದು ದಿನ ಸೇರಿಸಿ. ಬಾರದವರ ಮನೆಗೆ ಯಾರನ್ನಾದರೂ ಕಳಿಸಿ ಕೇಳಿಸಿ.